ನಾಲ್ಕು ಬೆರಳು ಕಡಿಮೆ

ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು ನನ್ನನ್ನು ಕರೆಸಿದ್ದು ಊಟಕ್ಕಲ್ಲ, ಒಂದು ಬಾಟಲಿಯನ್ನು ಪರೀಕ್ಷಿಸಲು. ಎಂಬತ್ತರ ದಶಕದ ಆರಂಭ. ಹೊಸಪೇಟೆಯಲ್ಲಿ ಪತ್ರಿಕೆಯ ವರದಿಗಾರನಾಗಿದ್ದೆ. ಕಳ್ಳ ಮದ್ಯದ ಬಗ್ಗೆ ಆಗಷ್ಟೇ ಒಂದು ಸರಣಿ ಬರೆದು ಮುಗಿಸಿದ್ದೆ. ಹಂಪಿಯಲ್ಲಿ ವಿದೇಶಿಯರು ಬಿಟ್ಟುಹೋದ ಖಾಲಿ ಬಾಟಲಿಗಳನ್ನು ಗುಜರಿಯವರು ಕೊಳ್ಳುತ್ತಿದ್ದರು. ಸಂಡೂರಿನ ಕಡೆ ಅವೇ ಬಾಟಲಿಗಳು ಬಣ್ಣದ ನೀರು ತುಂಬಿಕೊಂಡು ಮತ್ತೆ ಮಾರಾಟವಾಗುತ್ತಿದ್ದವು. ಆ ಸರಣಿ ಬರೆದ ಮೇಲೆ ನನಗೆ ಯಾವ ಬಾಟಲಿಯ ಮೇಲೂ ನಂಬಿಕೆ ಉಳಿದಿರಲಿಲ್ಲ.

ಮೇಜಿನ ಮೇಲಿದ್ದದ್ದು ಅಮೆರಿಕದ ಬೂರ್ಬನ್ ವಿಸ್ಕಿ. ಕಾಲುವೆ ಕೆಲಸ ನೋಡಲು ಬಂದಿದ್ದ ಆ ದೇಶದ ಎಂಜಿನಿಯರೊಬ್ಬರು ಸಾಹುಕಾರರ ತಂದೆಗೆ ಕೊಟ್ಟಿದ್ದರು. ಆಗ ಜಿಲ್ಲೆಯಲ್ಲಿ ಪಾನನಿಷೇಧವಿತ್ತು. ತಂದೆ ಲಿಂಗಪೂಜೆ ಮಾಡದೆ ನೀರೂ ಮುಟ್ಟದವರು. ಕೊಟ್ಟವರಿಗೆ ಬೇಡವೆನ್ನಲಾರದೆ ತೆಗೆದುಕೊಂಡಿದ್ದರು, ಮನೆಯಲ್ಲಿ ಇಡಲಾರದೆ ಗಿರಣಿಯ ಉಗ್ರಾಣಕ್ಕೆ ಕಳಿಸಿದ್ದರು. ಅಲ್ಲಿ ಅದು ಬಾಯ್ಲರಿನ ಗೋಡೆಗೆ ತಾಗಿದ ಅಟ್ಟದ ಮೇಲೆ, ತಗಡಿನ ಟ್ರಂಕಿನಲ್ಲಿ ಸುಮಾರು ಇಪ್ಪತ್ತು ವರ್ಷ ಇತ್ತು. ಈಗ ಮಗನ ಕಾಲ. ಸಂಡೂರಿನಿಂದ ಗಣಿ ಮಾಲೀಕರೊಬ್ಬರು ಊಟಕ್ಕೆ ಬರುವವರಿದ್ದರು, ಹಾಗಾಗಿ ಬಾಟಲಿ ಕೆಳಗಿಳಿದಿತ್ತು.

"ನೀವ ನೋಡ್ರಿ," ಅಂದರು ಸಾಹುಕಾರರು. "ಕತ್ತಿನ ಮಟ ಇತ್ತು. ನಾಕ್ ಬಟ್ಟು ಎಲ್ಲಿ ಹೋತು? ರೆಕ್ಕಿ ಬಂದು ಹಾರಿ ಹೋತೇನು?"

ಆ ಮಾತು ನನಗಲ್ಲ, ಬಾಗಿಲ ಬಳಿ ನಿಂತಿದ್ದ ಉಗ್ರಾಣದವರಿಗೆ. ಅರವತ್ತು ದಾಟಿದ ಮನುಷ್ಯ, ಕೊರಳಲ್ಲಿ ಲಿಂಗ, ಉಡದಾರಕ್ಕೆ ಕಟ್ಟಿದ ಬೀಗದ ಕೈ. ಸಾಹುಕಾರರು ಅವರನ್ನು ಚಿಕ್ಕಂದಿನಿಂದ ಮಾವ ಎಂದೇ ಕರೆಯುತ್ತಿದ್ದರು. ಅವತ್ತು ನಾನು ಬಂದಾಗಿನಿಂದ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ನಾನು ಅದನ್ನು ಗಮನಿಸಿದೆ.

"ನಾ ಆ ಟ್ರಂಕ್ ತೆಗದದ್ದು ನಿಮ್ಮಪ್ಪಾರು ತೀರಿಕೊಂಡಾಗ ಒಮ್ಮೆ, ಇವತ್ತೊಮ್ಮೆ," ಅಂದರು ಉಗ್ರಾಣದವರು.

"ಒಮ್ಮೆ ತೆಗದ್ರ ಸಾಕಲ್ಲ! ಇವತ್ತ ಬಾಟ್ಲಿ, ನಾಳೆ ಭತ್ತ. ಕೀಲಿಕೈ ನಿನ್ನ ಸೊಂಟದಾಗ ಇರಬೇಕೋ ಬ್ಯಾಡೋ, ಈಗ ಇವ್ರು ಹೇಳ್ತಾರ."

ಹೀಗೆ ಅದು ನನ್ನ ಮೇಲೆ ಬಂತು. ಆ ಬೀಗದ ಕೈ ಹೋದರೆ ಕಂಪ್ಲಿಯಲ್ಲಾಗಲಿ ಎಮ್ಮಿಗನೂರಿನಲ್ಲಾಗಲಿ ಯಾವ ಗಿರಣಿಯವರೂ ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಲಿಂಗ ಕಟ್ಟಿಕೊಂಡು ಕದ್ದು ಕುಡಿದ ಎಂಬ ಮಾತು ಅವರಿಗಿಂತ ಮೊದಲೇ ಅವರ ಮನೆ ತಲುಪುತ್ತಿತ್ತು. ನಿಜ ಹೇಳಬೇಕೆಂದರೆ, ನನಗೂ ಅವರ ಮೇಲೆಯೇ ಅನುಮಾನವಿತ್ತು.

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಾರ್ಕಿನ ಬಿರಡೆಯ ಮೇಲಿಂದ ಎರಡೂ ಕಡೆಗೆ ಇಳಿದ, ಸರ್ಕಾರಿ ಮೊಹರಿನ ಹಸಿರು ಕಾಗದದ ಪಟ್ಟಿ. ಅದರ ಒಂದು ತುದಿ ಉಗುರಿನಷ್ಟು ಎದ್ದಿತ್ತು. ಬಿಸಿನೀರಿನ ಆವಿ ಹಿಡಿದು ಪಟ್ಟಿ ಬಿಡಿಸಿ ಮತ್ತೆ ಅಂಟಿಸುವವರನ್ನು ನಾನು ನೋಡಿದ್ದೆ. ಎದ್ದ ತುದಿಯನ್ನು ಮೆಲ್ಲಗೆ ಎಳೆದೆ. ಕಾಗದ ಪುಡಿಯಾಗಿ ಹರಿಯಿತೇ ಹೊರತು ಬಿಡಿಸಿಕೊಳ್ಳಲಿಲ್ಲ. ಬಿರಡೆ ತಿರುಗಿಸಿದರೆ ಅದೂ ಅರ್ಧಕ್ಕೆ ಮುರಿದು ಚೂರಾಯಿತು. ಅದರಲ್ಲಿ ಯಾರಾದರೂ ಇಂಜೆಕ್ಷನ್ ಸೂಜಿ ಚುಚ್ಚಿದ್ದರೇ ಎಂದು ನೋಡುವ ದಾರಿ ಅಲ್ಲಿಗೆ ಮುಗಿಯಿತು. ಟೀ ಸೋಸುವ ಜಾಲರಿ ತರಿಸಿ ಎರಡು ಗ್ಲಾಸಿಗೆ ಸ್ವಲ್ಪ ಸ್ವಲ್ಪ ಸೋಸಿದೆವು.

ಮೊದಲ ವಾಸನೆ ಒಳ್ಳೆಯದಿರಲಿಲ್ಲ. ಬಹಳ ದಿನ ಮುಚ್ಚಿಟ್ಟ ಮರದ ಬೀರುವನ್ನು ತೆರೆದಂತಿತ್ತು. "ಕೆಟ್ಟೇತೇನ್ರಿ?" ಅಂದರು ಸಾಹುಕಾರರು. ಕಾಯೋಣ ಎಂದೆ. ಹತ್ತು ನಿಮಿಷ ಬಿಟ್ಟು ಮೂಗಿಗೆ ಹಿಡಿದಾಗ ಮರದ ಬೀರು ಹೋಗಿ ಕಬ್ಬಿನ ಗಾಣದ ಮನೆ ಬಂದಿತ್ತು. ಕೊಪ್ಪರಿಗೆಯ ಅಂಚಿಗೆ ಹತ್ತಿ ಸ್ವಲ್ಪ ಸೀದ ಬೆಲ್ಲ, ಅದರ ಹಿಂದೆ ಸುಟ್ಟ ತೆಂಗಿನ ಚಿಪ್ಪು. ಒಂದು ಗುಟುಕು ಬಾಯಲ್ಲಿಟ್ಟುಕೊಂಡೆ. ನಾಲಗೆ ಸುಡಲಿಲ್ಲ. ಮೊದಲು ಸಿಹಿ, ಆಮೇಲೆ ಒಣಶುಂಠಿಯ ಖಾರ, ಕೊನೆಗೆ ಮರದ ಒಗರು. ನುಂಗಿದ ಮೇಲೂ ಎದೆಯಲ್ಲಿ ಬಿಸಿ ನಿಧಾನವಾಗಿ ಕೂತಿತು. ಬಣ್ಣದ ನೀರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ಒಂದೇ ಏಟಿಗೆ ಹೊಡೆದು ಹೋಗುತ್ತದೆ.

"ಮಾಲು ಖರೇದು," ಎಂದೆ. "ಮೆಕ್ಕೆಜೋಳದಿಂದ ಮಾಡಿದ್ದು. ಆರು ವರ್ಷ ಮರದ ಪೀಪಾಯಿಯಲ್ಲಿ ಇಟ್ಟಿದ್ದರಂತೆ, ಪಟ್ಟಿಯ ಮೇಲಿತ್ತು."

"ಮೆಕ್ಕಿಜ್ವಾಳದ ನೀರಿಗೆ ಇಷ್ಟ್ ರಂಪೇನ್ರಿ!" ಅಂದರು ಉಗ್ರಾಣದವರು. ಆಮೇಲೆ ಎರಡು ಹೆಜ್ಜೆ ಒಳಗೆ ಬಂದರು. "ಸಾವ್ಕಾರ್ರ, ಸುಗ್ಗ್ಯಾಗ ಹಾಕಿದ ಭತ್ತ ಶ್ರಾವಣದಾಗ ತೂಗಿದ್ರ ಕಮ್ಮಿ ಬರ್ತೈತಿ. ಆವಾಗ ನನ್ನ ಕಳ್ಳ ಅಂದೀರೇನು? ಒಣಗೇತಿ ಅಂತ ಬಿಡ್ತೀರಲ್ಲ."

"ಅದು ಭತ್ತ."

"ಇದು ಜ್ವಾಳ. ಈಗಷ್ಟ ಇವ್ರು ಹೇಳಿದ್ರಲ್ಲ. ಬಾಯ್ಲರ್ ಗ್ವಾಡಿ ಬಾಜೂಕ ಇಪ್ಪತ್ತ್ ವರ್ಷ ಇದ್ದು ನಾನೂ ಒಣಗೀನಿ, ನೋಡ್ರಿ ಹೆಂಗಾಗೀನಿ."

ಸಾಹುಕಾರರು ನಗಲಿಲ್ಲ. ನನ್ನ ಕಡೆ ತಿರುಗಿದರು. ಆಗ ನನಗೆ ಹೊಳೆದದ್ದನ್ನು ಮೊದಲೇ ಯೋಚಿಸಬೇಕಿತ್ತು. ನಾನು ನೋಡಿದ ಕಳ್ಳ ಬಾಟಲಿಗಳೆಲ್ಲ ಕತ್ತಿನವರೆಗೆ ತುಂಬಿದ್ದವು. ಕದ್ದವನು ಮೊದಲು ಮಾಡುವ ಕೆಲಸ ನೀರು ಬೆರೆಸಿ ಮಟ್ಟ ಸರಿಮಾಡುವುದು. ನಾಲ್ಕು ಬೆರಳು ಕಡಿಮೆ ಬಿಟ್ಟು ಇಪ್ಪತ್ತು ವರ್ಷ ಯಾರೂ ಸಿಕ್ಕಿಬೀಳಲು ಕಾಯುವುದಿಲ್ಲ. ಒಣಗಿದ ಬಿರಡೆಯಿಂದ ಆವಿಯಾಗಿ ಹೋಗಿರಬಹುದು ಎಂದೆ.

"ಇರಬಹುದು ಅಂದ್ರ?"

"ಇರಬಹುದು ಅಂದರೆ ಇರಬಹುದು."

ಉಗ್ರಾಣದವರಿಗೆ ಆ ಮಾತು ಸಾಲಲಿಲ್ಲ. "ಊರ ಸುದ್ದಿ ಎಲ್ಲಾ ಬರಿತೀರಲ್ರಿ, ಇದನ್ನೂ ಬರದು ಕೊಡ್ರಿ," ಅಂದರು.

ಚೀಟಿಯ ಮೇಲೆ ಬರೆದೆ: ಪಟ್ಟಿ ಹಳೆಯದು, ನನ್ನ ಕೈಯಲ್ಲಿ ಹರಿಯಿತು. ಬಿರಡೆ ಒಣಗಿತ್ತು. ನಾಲ್ಕು ಬೆರಳು ಕಡಿಮೆ ಇತ್ತು. ಒಳಗಿದ್ದದ್ದರಲ್ಲಿ ಬೆರಕೆಯ ಗುರುತಿಲ್ಲ. ಅವರಿಗೆ ಓದು ಬಾರದು, ಓದಿ ಹೇಳಿದೆ.

"ಇದು ಬಾಟ್ಲಿ ಸುದ್ದಿ ಆತ್ರಿ. ನಂದು?"

ನೋಡದ್ದನ್ನು ಬರೆಯಬಾರದೆಂದು ನನಗೆ ಮೊದಲ ದಿನವೇ ಕಲಿಸಿದ್ದರು. ಅವರು ಕುಡಿದದ್ದನ್ನು ನಾನು ನೋಡಿರಲಿಲ್ಲ, ಕುಡಿಯದೆ ಇದ್ದದ್ದನ್ನೂ ನೋಡಿರಲಿಲ್ಲ. ಚೂರಾದ ಬಿರಡೆ ಮೇಜಿನ ಮೇಲೆ ಬಿದ್ದಿತ್ತು. ಪೆನ್ನಿನ ತುದಿಯನ್ನು ಚೀಟಿಯ ಮೇಲಿಟ್ಟು ಮತ್ತೆ ಎತ್ತಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

ಸಾಹುಕಾರರು ಪೆನ್ನು ಕಿತ್ತುಕೊಂಡು ಕೆಳಗೊಂದು ಸಾಲು ಬರೆದು, ಭತ್ತದ ಚೀಟಿಗೆ ಹಾಕುವಂತೆ ಓರೆಯಾಗಿ ಸಹಿ ಹಾಕಿದರು. ಉಗ್ರಾಣದವರು ಚೀಟಿಯನ್ನು ನನಗೇ ಕೊಟ್ಟರು. "ಏನ್ ಬರದಾರ, ನೀವು ಓದ್ರಿ."

"ನಮ್ಮ ಮಾವ ಇದನ್ನ ಮುಟ್ಟಿಲ್ಲ," ಎಂದು ಓದಿದೆ.

"ಇನ್ನೊಮ್ಮೆ ಓದ್ರಿ."

ಓದಿದೆ. ಉಗ್ರಾಣದವರು ಚೀಟಿಯನ್ನು ನಾಲ್ಕಾಗಿ ಮಡಚಿ ಎಲೆಅಡಿಕೆಯ ಚಂಚಿಗೆ ಹಾಕಿಕೊಂಡರು. ಹೊರಗೆ ಭತ್ತದ ಗಾಡಿ ಬಂದು ನಿಂತಿತ್ತು. ಉಡದಾರದ ಬೀಗದ ಕೈ ತಡವಿಕೊಂಡು ಉಗ್ರಾಣದ ಕಡೆ ಹೊರಟರು.

ಸಾಹುಕಾರರು ನನ್ನ ಗ್ಲಾಸಿಗೆ ಮತ್ತೆ ಸೋಸಿದರು. ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿತ್ತು, ಬೆಲ್ಲ ಇನ್ನೂ ಮುಂದೆ ಬಂದಿತ್ತು.

"ನಿಮಗ ಇನ್ನೂ ಡೌಟ್ ಐತೇನ್ರಿ?"

"ಇದೆ."

"ಇರ್ಲಿ, ಕುಡೀರಿ."

ಆಮೇಲೆ ಬಾಟಲಿಗೆ ಹೊಸ ಬಿರಡೆ ಒತ್ತಿ, ಈಗಿನ ಮಟ್ಟಕ್ಕೆ ಗೆರೆ ಎಳೆಯಲು ಪೆನ್ನು ತೆಗೆದರು. ಒಮ್ಮೆ ಬಾಗಿಲ ಕಡೆ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.