ಗನ್ನಿಗೆ ಕುಂಕುಮ ಹಚ್ಚಿದ ಗುರುಶಾಂತಪ್ಪ ಅಂಕಲ್

ಅಮೆರಿಕದ ರಾಕ್‌ವಿಲ್‌ನಲ್ಲಿ ನಮ್ಮ ಕೆಳಗಿನ ಮನೆಯ ಗುರುಶಾಂತಪ್ಪ ಅಂಕಲ್ ಹುಬ್ಬಳ್ಳಿಯ ಲೇತ್ ಶಾಪಿನಲ್ಲಿ ಪಳಗಿದವರು. ಹಾರಿ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಗುದ್ದಿ ಪುಡಿ ಮಾಡಬಹುದೇ ಎಂದು ಇನ್ನೂ ಪರೀಕ್ಷಿಸುತ್ತಿದ್ದ ಕಾಲ, ತೊಂಬತ್ತಮೂರನೇ ಇಸವಿ. ಅವರ ಲ್ಯಾಬಿನಲ್ಲಿ ಬಸ್ಸಿನಷ್ಟು ಉದ್ದದ ಗನ್ನಿನಿಂದ ಹೆಬ್ಬೆರಳಿನಷ್ಟು ಲೋಹದ ತುಂಡನ್ನು ಹಾರಿಸಿ, ಸಿಡಿತಲೆಯ ಮಾದರಿ ಹೇಗೆ ಛಿದ್ರವಾಗುತ್ತದೆಂದು ನೋಡುತ್ತಿದ್ದರು. ನಳಿಗೆ ಒರೆಸುವುದು, ಚೂರುಗಳನ್ನು ಆರಿಸಿ ತೂಗುವುದು ಅಂಕಲ್ ಮತ್ತು ಜೊತೆಗಾರ ಡ್ವೇನನ ಕೆಲಸ.

ಆಯುಧಪೂಜೆಯ ಬೆಳಿಗ್ಗೆ ಅಂಕಲ್ ಬೇಗ ಹೋಗಿ ನಳಿಗೆಯೊಳಗೆ ಬಟ್ಟೆ ತೂರಿಸಿ ಒರೆಸಲು ಶುರು ಮಾಡಿದರು. ನಡುವೆಯೇ ಗನ್ನಿಗೆ ವಿಭೂತಿ, ಕುಂಕುಮ ಹಚ್ಚಿ ಹೂವಿಟ್ಟರು. ಡ್ವೇನನ ಬೂಟಿನ ಸದ್ದು ಕೇಳಿ ನಾಚಿಕೆಯಾಯಿತಂತೆ. ಗಡಿಬಿಡಿಯಲ್ಲಿ ಕುಂಕುಮ ಅಳಿಸಿದರು, ಹೂವನ್ನು ಜೇಬಿಗೆ ತುರುಕಿದರು. ನಳಿಗೆಯೊಳಗಿನ ಬಟ್ಟೆ ಅಲ್ಲೇ ಉಳಿಯಿತು. ನಳಿಗೆ ಒರೆಸಿ ಆಯಿತೇ ಎಂದು ಡ್ವೇನ್ ಕೇಳಿದ್ದಕ್ಕೆ ಹ್ಞೂಂ ಎಂದರು. ಅವನು ನಂಬಿ ತಪಾಸಣೆಯ ಹಾಳೆಗೆ ಸಹಿ ಹಾಕಿದ.

ಗುಂಡಿ ಒತ್ತಿದೊಡನೆ ನಳಿಗೆ ಸೀಳಿತು. ಉಕ್ಕಿನ ಚೂರೊಂದು ಅವರಿಬ್ಬರಿದ್ದ ಕೋಣೆಯ ಕಿಟಕಿ ಒಡೆದು ಬಂದು ಡ್ವೇನನ ಬಲಗೈಯನ್ನು ಮಣಿಕಟ್ಟಿಗೇ ಕತ್ತರಿಸಿತು. ಇನ್ನೊಂದು ಚೂರು ಬಡಿದು ಅವನ ಕೆನ್ನೆ ಹರಿದು ದವಡೆ ಕಾಣಿಸಿತು. ಅಂಕಲ್ ಬೆಲ್ಟ್ ಬಿಚ್ಚಿ ಅವನ ತೋಳಿಗೆ ಬಿಗಿದರು. ಕಾದ ಉಕ್ಕಿನ ನಡುವೆ ಬಿದ್ದಿದ್ದ ಕೈಯನ್ನು ಎತ್ತುವಾಗ ಅವರ ಅಂಗೈಗಳೂ ಸುಟ್ಟವು.

ಮೂರು ವಾರದ ಮೇಲೆ ತನಿಖೆಯವರಿಗೆ ನಳಿಗೆಯ ಚೂರಿನಲ್ಲಿ ಬಟ್ಟೆಯ ಸುಟ್ಟ ನೂಲು ಸಿಕ್ಕಿತು. ಹಾಳೆಯಲ್ಲಿದ್ದದ್ದು ಡ್ವೇನನ ಸಹಿ. ತಪ್ಪು ಅವನದೇ ಎಂದು ವರದಿ ಸಿದ್ಧವಾಯಿತು. ಕೈ ಹೋಗಿತ್ತು, ಇನ್ನು ಕೆಲಸವೂ ಹೋಗುವುದಿತ್ತು. ಶುಕ್ರವಾರ ಮಧ್ಯಾಹ್ನ ಅಂಕಲ್ ಪಟ್ಟಿ ಸುತ್ತಿದ ಕೈಗಳನ್ನು ತೋರಿಸಿ, ಡ್ವೇನನ ಮನೆಗೆ ಕಾರಿನಲ್ಲಿ ಕರೆದೊಯ್ಯಲು ನನ್ನನ್ನು ಕೇಳಿದರು. ದಾರಿಯಲ್ಲಿ ಎಲ್ಲವನ್ನೂ ಹೇಳಿದರು.

ನಾನು ನನ್ನ ಪಾಪುವಿನೊಂದಿಗೆ ಕಾರಿನಲ್ಲೇ ಉಳಿದೆ. ಡ್ವೇನ್ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ. ಆಮೇಲೆ ಎಡಗೈಯಿಂದ ಬಾಯಿಗೇ ಗುದ್ದಿದ. ಅಂಕಲ್ ಮೆಟ್ಟಿಲುಗಳಿಂದ ಉರುಳಿದರು. ಅವನು ಇಳಿದು ಬಂದು ಪಕ್ಕೆಗೆ ಒದ್ದ, ಮತ್ತೆ ಒದ್ದ. ಅವರು ಕೈ ಅಡ್ಡ ತರಲಿಲ್ಲ. ನಾನು ಹಾರ್ನ್ ಒತ್ತಿ ಹಿಡಿದೆ, ಪಾಪು ಕಿರುಚಿತು. ಡ್ವೇನ್ ನಿಂತ. ಇದನ್ನು ಆಫೀಸಿಗೆ ಹೋಗಿ ಹೇಳು ಎಂದು ಮೊಂಡು ತೋಳನ್ನು ರಸ್ತೆಯತ್ತ ಚಾಚಿದ.

ಪಾಪುವಿನ ಟವೆಲ್ಲನ್ನು ಅಂಕಲ್ ಬಾಯಿಗೆ ಒತ್ತಿದೆ. ಎರಡು ಹಲ್ಲು ಅದರಲ್ಲೇ ಬಂದವು.

"ಅಂಕಲ್, ಮೊದ್ಲು ಎಮರ್ಜೆನ್ಸಿಗೆ ಹೋಗೋಣ."

"ಹಲ್ಲು ಕಾಯ್ತಾವವ್ವಾ. ಐದಕ್ಕ ವರದಿಗೆ ಸಹಿ ಬೀಳ್ತದ. ಬಾಯಿ ಬಾತು ಮುಚ್ಚೂದ್ರಾಗ ಆಫೀಸಿಗೆ ನಡಿ."

ನಾಲ್ಕೂವರೆಗೆ ಒಳಗೆ ಹೋದರು. ಹೊರಬಂದಾಗ ಕೊರಳಲ್ಲಿ ಲ್ಯಾಬಿನ ಬ್ಯಾಡ್ಜ್ ಇರಲಿಲ್ಲ. ವರದಿಯಿಂದ ಡ್ವೇನನ ಹೆಸರು ತೆಗೆದರಂತೆ. ಸೀಟಿಗೆ ರಕ್ತ ಹತ್ತಬಾರದೆಂದು ಪೇಪರ್ ಹಾಸಿಕೊಂಡು ಕುಳಿತರು. ನಾನು ಆಸ್ಪತ್ರೆಯ ಕಡೆ ಕಾರು ತಿರುಗಿಸಿದೆ.