ಕಿವಿ ಫಕ್ರುಸಾಬ ಮತ್ತು ಮೂರನೇ ಗೇರು

ಗೋಪನಕೊಪ್ಪದಲ್ಲಿ ಬರೀ ಫಕ್ರುಸಾಬ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಕಿವಿ ಫಕ್ರುಸಾಬ ಎನ್ನಬೇಕು. ಗೇರ್‌ಬಾಕ್ಸ್ ರಿಪೇರಿ ಅವರ ಕಸುಬು. ಗಾಡಿ ಇನ್ನೂ ಓಣಿಯ ತಿರುವಿನಲ್ಲಿ ಇರುವಾಗಲೇ, ಶೆಡ್ಡಿನೊಳಗೆ ಚಹಾ ಊದುತ್ತ ಕೂತ ಕಾಕಾ ಅದರ ರೋಗ ಹೇಳಿಬಿಡುತ್ತಿದ್ದರು.

“ಎರಡನೇ ಗೇರಿಂದು ಒಂದು ಹಲ್ಲ ಮುರದೈತಿ. ಅಲ್ಲೇ ಬೇವಿನ ಗಿಡದ ಬುಡಕ ಹಚ್ರಿ.”

ಕೇಳದೆ ಬಿಚ್ಚುವುದೆಂದರೆ ಅವರಿಗೆ ಅವಮಾನ. “ಹೊಟ್ಟಿ ನೋವಂತ ಬಂದಾಂವನ್ನ ಮೊದಲ ಕೊಯ್ದು, ಆಮ್ಯಾಲ ಎಲ್ಲಿ ನೋವು ಅಂತ ಕೇಳತಾರೇನು?” ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ಶೆಡ್ಡಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಹೋದ ವರ್ಷದಿಂದ ಕಾಕಾ ಒಂದು ಹೊಸ ರೂಢಿ ಹಚ್ಚಿಕೊಂಡರು. ಗಾಡಿ ತಂದವರನ್ನೇ “ನೀವ ಹೇಳ್ರಿ, ಸಪ್ಪಳ ಹೆಂಗ ಬರತೈತಿ? ಜೋರಾಗಿ ಹೇಳ್ರಿ” ಎಂದು ಕೇಳತೊಡಗಿದರು. ವಯಸ್ಸಾದಂತೆ ಮನುಷ್ಯನಿಗೆ ವಿನಯ ಬಂತು ಎಂದು ಓಣಿಯವರು ಮೆಚ್ಚಿಕೊಂಡರು. ಅದು ವಿನಯವಲ್ಲ. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೂ ಸಣ್ಣ ಸಪ್ಪಳಗಳು ಸಿಗುತ್ತಿರಲಿಲ್ಲ. ಗಿರಾಕಿ ಹೇಳಿದ್ದರ ಮೇಲೆ ಅಂದಾಜು ಕಟ್ಟಿ “ಮುಂದಿನ ಬೇರಿಂಗ್ ಹೋಗೇತಿ” ಎಂದುಬಿಡುತ್ತಿದ್ದರು. ಹಳೆಯ ಗಾಡಿಗಳಲ್ಲಿ ಬಹಳ ಸಲ ಹೋಗುವುದು ಅದೇ ಆದ್ದರಿಂದ ಮರ್ಯಾದೆ ಉಳಿದುಕೊಂಡು ಬಂದಿತ್ತು. ಈ ಸಂಗತಿ ಹೆಂಡತಿಗೂ ಗೊತ್ತಿಲ್ಲ ಎಂದು ನಂಬಿದ್ದರು. ಕಿವಿ ಹೋದ ಕಿವಿ ಫಕ್ರುಸಾಬನ ಹತ್ತಿರ ಯಾರು ಬರುತ್ತಾರೆ?

ಹಾಗಿರುವಾಗ ಒಂದು ಬೆಳಿಗ್ಗೆ ಕೇಶ್ವಾಪುರದ ದಾಕ್ಷಾಯಿಣಿ ಅಕ್ಕ ತಮ್ಮ ಹಳೆಯ ವ್ಯಾನು ತಂದರು. ಅವರ ತಂದೆ ಹತ್ತಿ ವ್ಯಾಪಾರಕ್ಕೆ ಊರೂರು ಸುತ್ತಿದ ಗಾಡಿ ಅದು. ಈಗ ಅದರೊಳಗೆ ಹಾಸಿಗೆ, ಗ್ಯಾಸಿನ ಒಲೆ, ರೊಟ್ಟಿ ಡಬ್ಬಿ, ಕಿಟಕಿಗೆ ಇಳಕಲ್ಲ ಸೀರೆಯ ಪರದೆ. ಹಾಸಿಗೆಯ ಮೇಲೆ ಅವರ ತಾಯಿ ಸಂಗವ್ವ. ಸೊಂಟದ ನೋವಿನಿಂದ ಬಸ್ಸಿನಲ್ಲಿ ಕೂರಲಾಗದ ಈ ಅಜ್ಜಿಗೆ ಒಂದು ಸಲ ಸಮುದ್ರ ನೋಡಬೇಕಿತ್ತು. ಮರುದಿನವೇ ಅರಬೈಲ್ ಘಾಟ್ ಇಳಿದು ಅಂಕೋಲೆಗೆ ಹೊರಡುವವರಿದ್ದರು.

“ಕಾಕಾ, ಗೇರ್‌ಬಾಕ್ಸಿನ್ಯಾಗ ಏನೋ ಒದರತೈತ್ರಿ. ಯಾವಾಗ ಅಂತ ಹೇಳಾಕ ಬರವಲ್ದು. ಅವ್ವನ ಮಾತಿನ್ಯಾಗ ಏನೂ ಕೇಳಸಂಗಿಲ್ಲ.”

“ಹಾಕು, ಎಲ್ಲಾ ನನ್ನ ಮ್ಯಾಲ ಹಾಕು,” ಎಂದರು ಸಂಗವ್ವ ಒಳಗಿನಿಂದ. “ನೋಡೋ ಸಾಬ, ಸಮುದ್ರ ತೋರಸ್ತೇನಂತ ಕರಕೊಂಡು ಬಂದು ಗ್ಯಾರೇಜ್ ತೋರಸಾಕತ್ತಾಳ.”

ಕಾಕಾ ಸ್ಕ್ರೂಡ್ರೈವರ್ ಹಚ್ಚಿ ಕಣ್ಣು ಮುಚ್ಚಿದರು. ದೂರದ ಗಿರಣಿಯಂಥ ಒಂದು ಗುಂಯ್ ಬಿಟ್ಟರೆ ಏನೂ ಇಲ್ಲ. “ಮುಂದಿನ...” ಎಂದು ಬಾಯಿ ತೆರೆದರು. ಕಣ್ಣು ಬಿಟ್ಟರೆ, ಸಂಗವ್ವ ಪರದೆ ಸರಿಸಿ ಅವರ ಮುಖವನ್ನೇ ನೋಡುತ್ತಿದ್ದರು. ಬೇರಿಂಗ್ ಎಂದು ಹೇಳಿ, ಬದಲಿಸಿ ಕಳಿಸಬಹುದಿತ್ತು. ಆದರೆ ಅಂದಾಜು ತಪ್ಪಿದ್ದರೆ ಅದು ತಿಳಿಯುವುದು ಘಾಟಿನ ಇಳಿಜಾರಿನಲ್ಲಿ, ಈ ತಾಯಿ ಮಗಳಿಗೆ.

ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ತಂಗಿ, ನಂಗ ಕೇಳಸವಲ್ದು.”

“ಎಕ್ಸಲೇಟರ್ ಜೋರ ಕೊಡ್ಲೇನ್ರಿ?”

“ಎಷ್ಟು ಕೊಟ್ರೂ ಅಷ್ಟ. ನನ್ನ ಕಿವಿ ಹೋಗ್ಯಾವು.”

ದಾಕ್ಷಾಯಿಣಿ ತಾಯಿಯ ಕಡೆ ತಿರುಗಿದರು. ಸಂಗವ್ವ ಕಿಟಕಿಯಿಂದ ತಲೆ ಹೊರಹಾಕಿದರು. “ಹೋದ್ರ ಹೋಗ್ಲಿ ತಗೋ. ನಂದೂ ಒಂದು ಹೋಗೇತಿ. ಅಷ್ಟಕ್ಕ ಮಾತಾಡೂದು ಬಿಟ್ಟೇನೇನು?”

“ಬಿಟ್ಟಿದ್ರ ನಮ್ಮ ಪುಣ್ಯಾ,” ಎಂದರು ಮಗಳು.

ಶೆಡ್ಡಿಗೂ ಕಾಕಾನ ಮನೆಯ ಅಡುಗೆಕೋಣೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಟಕಿ. ಕಾಕಾನ ಹೆಂಡತಿ ಶಹಜಹಾನಬೇಗಂ ಎಲ್ಲವನ್ನೂ ಅಲ್ಲಿಂದಲೇ ಕೇಳಿ, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು.

“ಕಡೀಕೂ ಬಾಯಿ ಬಿಟ್ರಿ! ಊಟಕ್ಕ ಕರದ್ರ ಬರಂಗಿಲ್ಲ, ಒಗ್ಗರಣಿ ವಾಸನಿಗೆ ಓಡಿ ಬರ್ತೀರಿ. ನಂಗ ತಿಳಿಯಂಗಿಲ್ಲೇನು?”

“ಗೊತ್ತಿದ್ರ ಮೊದಲ ಹೇಳಬೇಕಿಲ್ಲೇನು?”

“ಹೇಳಿದ್ನಿ. ನಿಮಗ ಕೇಳಲಿಲ್ಲ.”

ಅಷ್ಟು ಹೇಳಿ ಆಕೆ ವ್ಯಾನಿನ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಮದುವೆಯಾದಂದಿನಿಂದ ಆ ಗೋಡೆಯಾಚೆಯ ಗೇರ್‌ಬಾಕ್ಸುಗಳ ಸಪ್ಪಳದಲ್ಲೇ ರೊಟ್ಟಿ ಬಡಿದವರು. “ನಾ ಕೇಳ್ತೇನಿ, ನೀವು ತಲಿ ಓಡಸ್ರಿ.”

ಕಾಕಾ ಸ್ಟೇರಿಂಗ್ ಹಿಡಿದರು. ದಾಕ್ಷಾಯಿಣಿ ಹಿಂದೆ ಕೂತು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿದರು.

ನಿಂತ ಗಾಡಿಯಲ್ಲಿ, ನ್ಯೂಟ್ರಲ್‌ನಲ್ಲಿ, ಕಾಕಾ ಕೇಳಿದರು: “ಏನಂತೈತಿ?”

“ಅಕ್ಕಿ ತೊಳದಂಗ, ಸಣ್ಣಗ.”

ಕ್ಲಚ್ ಒತ್ತಿದರು. “ಈಗ?”

“ಅದ ಅಕ್ಕಿ.”

ಮುಂದಿನ ಬೇರಿಂಗ್ ಕೆಟ್ಟಿದ್ದರೆ ಇಲ್ಲೇ ಅರಚಬೇಕಿತ್ತು, ಕ್ಲಚ್ ಒತ್ತಿದೊಡನೆ ನಿಲ್ಲಬೇಕಿತ್ತು. ತಾನು ಹೇಳಹೊರಟಿದ್ದ ಮಾತು ನೆನೆಯುತ್ತ ಕಾಕಾ ಗಾಡಿಯನ್ನು ರಸ್ತೆಗೆ ಇಳಿಸಿದರು.

ಉಣಕಲ್ ಏರು ಹತ್ತುವಾಗ ಯಾವ ಗೇರಿನಲ್ಲೂ ಕೆಟ್ಟ ಸಪ್ಪಳವಿರಲಿಲ್ಲ. “ಜ್ವಾಳದ ಹಿಟ್ಟ ಸೋಸಿದಂಗ ಐತಿ, ಮೆತ್ತಗ,” ಎಂದರು ಬೇಗಂ. ತಿರುಗಿ ಇಳಿಯುವಾಗ ಕಾಕಾ ಮೂರನೇ ಗೇರಿನಲ್ಲಿ ಎಕ್ಸಲೇಟರಿನಿಂದ ಕಾಲು ತೆಗೆದರು. ಬೇಗಂ ಥಟ್ಟನೆ ಕೈ ಎತ್ತಿದರು.

“ಹಾಂ! ಬಿಸಿ ಹಂಚಿನ ಮ್ಯಾಲ ಸವಟು ಎಳದಂಗ!”

“ಕಾಲಿಟ್ಟೆ.”

“ಹೋತು.”

“ತಗದೆ.”

“ಬಂತು, ಬಂತು!”

ಎರಡನೇ ಗೇರಿನಲ್ಲಿ ಇಲ್ಲ. ನಾಲ್ಕರಲ್ಲೂ ಇಲ್ಲ. ಕಾಕಾ ಮತ್ತೆ ಮೂರಕ್ಕೆ ಹಾಕಿ, ಕಾಲು ತೆಗೆದು, ಅಂಗೈಯನ್ನು ಗೇರ್ ಕಡ್ಡಿಯ ಮೇಲೆ ಹಗುರವಾಗಿ ಇಟ್ಟರು. ಕಡ್ಡಿ ನಡುಗಿತು. ಕಟ್ಟಿದ ಕರು ಹಗ್ಗ ಜಗ್ಗುವಂತೆ ಜಗ್ಗಿತು. ಆಮೇಲೆ ಟಪ್ಪನೆ ಹಾರಿ ನ್ಯೂಟ್ರಲ್‌ಗೆ ಬಂತು. ಹಿಡಿತ ತಪ್ಪಿದ ವ್ಯಾನು ಇಳಿಜಾರಿನಲ್ಲಿ ಓಡತೊಡಗಿತು. ಕಾಕಾ ಬ್ರೇಕ್ ಒತ್ತಿ ರಸ್ತೆಯ ಬದಿಗೆ ನಿಲ್ಲಿಸಿದರು.

“ಮೂರನೇ ಗೇರನ್ನ ಕಚ್ಚಿ ಹಿಡಿಯೂ ಹಲ್ಲು ಸವದಾವು ತಂಗಿ. ಘಾಟ್ ಇಳಿಯೂದು ಇದ ಗೇರಿನ್ಯಾಗ, ಹಿಂಗ ಕಾಲು ತಗದ.”

ತಾಯಿಯ ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಮಗಳು ಕೆಳಗಿಳಿಸಿದರು. ಸಂಗವ್ವ ಮೆಲ್ಲಗೆ ಕೇಳಿದರು: “ಅಂದ್ರ ನಾಳಿ ಸಮುದ್ರ ಇಲ್ಲ?”

“ನಾಳಿ ಇಲ್ಲವ್ವಾ. ಗೇರ್ ಹುಡುಕಿ ಹಾಕಿ ಕಳಸ್ತೇನಿ. ಸಮುದ್ರ ಎಲ್ಲೂ ಹೋಗಂಗಿಲ್ಲ.”

ಬಿಚ್ಚಿದಾಗ ಕಂಡದ್ದು ಅದೇ. ಹಲ್ಲುಗಳು ನೆಕ್ಕಿದ ಪೆಪ್ಪರಮೆಂಟಿನಂತೆ ದುಂಡಗಾಗಿದ್ದವು. ಗುಜರಿ ಅಂಗಡಿಗಳನ್ನು ಅಲೆದು ಕಾಕಾ ಇನ್ನೊಂದು ಗೇರ್ ತಂದು ಕೂರಿಸಿದರು.

ಈಗ ಶೆಡ್ಡಿಗೆ ಗಾಡಿ ಬಂದರೆ ಕಾಕಾ ಮುಚ್ಚುಮರೆಯಿಲ್ಲದೆ ಕಿಟಕಿಯ ಕಡೆ ಕೂಗುತ್ತಾರೆ. ಬೇಗಂ ಒಲೆ ಸಣ್ಣ ಮಾಡಿ ಬರುತ್ತಾರೆ. ಎಲ್ಲರಿಗೂ ಇದು ಹಿಡಿಸಿಲ್ಲ. “ಹೆಣ್ಮಕ್ಕಳ ಮಾತು ಕೇಳಿ ಗೇರ್‌ಬಾಕ್ಸ್ ಬಿಚ್ಚತಾರೇನು?” ಎಂದು ಲಾರಿ ಸೋಮಪ್ಪ ತನ್ನ ಗಾಡಿ ತಿರುಗಿಸಿಕೊಂಡು ಹೋದ. ಇನ್ನೂ ಬಂದಿಲ್ಲ.

ಅಂಕೋಲೆ ಮುಟ್ಟಿದ ಮೇಲೆ ದಾಕ್ಷಾಯಿಣಿ ಒಂದು ರೆಕಾರ್ಡಿಂಗ್ ಕಳಿಸಿದರು. ಘಾಟ್ ಇಳಿಯುವಾಗ ಸಂಗವ್ವ ಗೇರ್ ಕಡ್ಡಿಯ ಹತ್ತಿರ ಫೋನ್ ಹಿಡಿದು ಮಾಡಿದ್ದು. ಕಾಕಾ ಫೋನನ್ನು ಬೇಗಂ ಕೈಗೆ ಕೊಟ್ಟು, ಆಕೆಯ ಮುಖ ನೋಡುತ್ತ ಕೂತರು. ಬೇಗಂ ಬಹಳ ಹೊತ್ತು ಕೇಳಿದರು.

“ಏನಂತೈತಿ?”

“ಗೇರಿನ ಸಪ್ಪಳ ಒಟ್ಟ ಇಲ್ಲ.”

“ಖರೇನ?”

“ಖರೇರಿ. ಬರೇ ಸಂಗವ್ವಂದ ಸಪ್ಪಳ.”