ಶರಣವ್ವನ ಕೌದಿ

ಇಲಕಲ್ಲಿನಾಗ ನನ್ನಂಥ ಮೂಗಿನಾಂವ ಇರಲಿಲ್ಲ. ದಮ್ಮಿನವರ ಮನಿ ಹೊಕ್ಕರ ಸಾಕು, ಅವರಿಗೆ ಯಾವುದು ಆಗಿಬರೂದಿಲ್ಲ ಅಂತ ಮೂಸಿ ಹೇಳ್ತಿದ್ದೆ. ಡಾಕ್ಟರು ನನ್ನ ಕೇಳೇ ಔಷಧ ಬರೀತಿದ್ದರು. ಸಾಕ್ಷಿ ಹೇಳಾಕ ಈಗ ಅವರಿಲ್ಲ, ಅವರ ಕಂಪೌಂಡರೂ ಇಲ್ಲ.

ಆಗ ನಾ ಆ ಡಾಕ್ಟರ ಜೀಪು ಹೊಡೀತಿದ್ದೆ. ಸೀರಿ ನೇಯೂ ಶರಣವ್ವಗ ಉಸಿರಾಡಿದರ ಎದಿ ಸೀಟಿ ಹೊಡೀತಿತ್ತು. ನೂಲಿನ ಧೂಳಿಂದ ಅಂತಾದರ ಮಗ್ಗ ಬಿಡಬೇಕು, ಮಗ್ಗ ಬಿಟ್ಟರ ಒಲಿ ಹತ್ತೂದಿಲ್ಲ. ಡಾಕ್ಟರು ಆಕಿ ಮುಂಗೈಗೆ ಬ್ಯಾರೆ ಬ್ಯಾರೆ ಧೂಳಿನ ಹನಿ ಹಾಕಿ ಸೂಜಿಲೆ ಚುಚ್ಚಿದರು. ಹತ್ತಿ ನೂಲಿನ ಧೂಳಿಂದು ಸುಮ್ಮನಿತ್ತು. ಹಾಸಿಗಿ ಧೂಳಿಂದು ಚೇಳು ಕಡಿದಂಗ ಬಾತ್ಕೊಂಡಿತು.

"ಮಗ್ಗ ಉಳೀತ್ರೀ!" ಅಂತ ಶರಣವ್ವ ನಕ್ಕಳು.

"ಹೊದ್ಕೊಳ್ಳೂದೇನವಾ?" ಅಂದರು ಡಾಕ್ಟರು.

"ಕೌದಿರಿ. ತೀರಿಕೊಂಡ ನಮ್ಮವ್ವನ ಹಳೀ ಸೀರಿ ಸೇರಿಸಿ ಹೊಲಿದದ್ದು."

"ಕುದಿಯೂ ನೀರಾಗ ಒಗಿ. ಇಲ್ಲಂದರ ಅದು ನಿನ್ನ ಜೀವ ತಗೀತೈತಿ."

"ಒಗದರ ಅವ್ವನ ವಾಸನಿ ಹೋಗ್ತೈತಲ್ರಿ."

ಮರುದಿನ ಡಾಕ್ಟರು ಕೌದಿ ಇಸಗೊಂಡು ಬಾ ಅಂತ ನನ್ನ ಕಳಿಸಿದರು. ಆಕಿ ಅದನ್ನ ನನ್ನ ಮೂಗಿಗೆ ಹಿಡಿದಳು. "ವಾಸನಿ ಬರ್ತೈತಿಲ್ಲೋ ಯಣ್ಣಾ?"

ಮೂಸಿದೆ. ಸೀನಿದ ರಭಸಕ್ಕ ಮೂಲ್ಯಾಗಿನ ಗಡಗಿ ಉರುಳಿದವು! "ಖರೆ ಬರ್ತೈತಿ ತಂಗಿ" ಅಂದು ಕೌದಿ ಅಲ್ಲೇ ಬಿಟ್ಟು ಬಂದೆ. ಆಕಿ ಒಗೀಲಿಲ್ಲ. ಆ ಥಂಡಿ ದಾಟಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ.

ಇದನ್ನ ಹೇಳೂವಾಗ ಒಲಿ ಮುಂದಿನಿಂದ ನನ್ನ ಹೆಂಡತಿ ಕೂಗಿದಳು: "ನಿಮಗ ಹುಟ್ಟಾ ವಾಸನಿ ಹತ್ತೂದಿಲ್ಲ. ನಿನ್ನೆ ಸಾರು ಸೀದರೂ ಗೊತ್ತಾಗಲಿಲ್ಲ. ಕೌದಿ ವಾಸನಿ ಹೆಂಗ ಬಂತ್ರಿ?"

ನಾ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡೆ.

"ಹಂಗ ಹಿಡಿದು ಕೇಳಿದಳಲ್ಲ," ಅಂದೆ, "ಇಲ್ಲ ಅನ್ನಾಕ ಬರ್ತೈತೇನು?"